ಹಂಡೆಯ ದಾರ

ನಮ್ಮೂರಿನಲ್ಲಿ ಕಂಬಳಿ ಮಗ್ಗದಿಂದ ಇಳಿದ ಕೂಡಲೇ ಇಬ್ಬರು ಅದನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಾರೆ. ಒಬ್ಬರು ಒಪ್ಪು ಹೇಳಬೇಕು, ಇನ್ನೊಬ್ಬರು ತಪ್ಪು ಹೇಳಬೇಕು. ಅಂಚು ನೇರವಾಗಿದೆ, ಹುಣಸೆ ಬೀಜದ ಗಂಜಿ ಹದವಾಗಿ ಹಿಡಿದಿದೆ, ಕುರಿಯ ಕಪ್ಪು ಕಪ್ಪಾಗಿಯೇ ಉಳಿದಿದೆ ಎನ್ನುವುದು ಒಪ್ಪು. ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ಬೆರಳಿಟ್ಟು, ‘ಇಲ್ಲಿ ಒಂದು ಎಳೆ ತಪ್ಪಿದೆ’ ಎನ್ನುವುದು ತಪ್ಪು. ಅದು ಬೈಗುಳವಲ್ಲ. ತಪ್ಪು ಹೇಳಿಸಿಕೊಳ್ಳದ ಕಂಬಳಿಯನ್ನು ನಮ್ಮಲ್ಲಿ ಯಾರೂ ಹೊದೆಯುವುದಿಲ್ಲ. ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ನನ್ನ ಅಪ್ಪ ತಪ್ಪು ಹೇಳುವವನಾಗಿದ್ದ. ಅವನು ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷಗಳಿಂದ ಆ ಕೆಲಸ ನನ್ನದು. ನನ್ನ ಹೆಸರು ಮಾಳಿಂಗಪ್ಪ. ಊರಿನ ಮಕ್ಕಳು ತಪ್ಪಿನ ಮಾಳಿಂಗಜ್ಜ ಎನ್ನುತ್ತಾರೆ. ನನಗೆ ಅದರಿಂದ ಬೇಸರವಿಲ್ಲ.

ಚಾವಡಿಯ ಟೀವಿಯಲ್ಲಿ ಬರುವ ಕಥೆಗೂ ಇದೇ ಕ್ರಮ. ಟೀವಿ ನಾಲ್ಕು ಕಾಲಿನದು, ಮರದ ಬಾಗಿಲಿನದು, ಕಪ್ಪು ಬಿಳುಪಿನದು. ವರ್ಷವೆಲ್ಲ ಅದರ ಮೇಲೆ ಬೆಕ್ಕು ಮಲಗಿರುತ್ತದೆ. ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲಿನ ಮೊದಲ ಸೋಮವಾರ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಅದು ತಾನಾಗಿ ಬೆಳಗುತ್ತದೆ. ಬೆಕ್ಕು ಅವತ್ತು ಮಧ್ಯಾಹ್ನವೇ ಇಳಿದು ಹೋಗಿರುತ್ತದೆ. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ಸಂಜೆ ಒಂದು ಕಥೆ. ಪ್ರತಿ ವರ್ಷವೂ ಅದೇ ಕಥೆ. ಶುಕ್ರವಾರ ಬೆಳಿಗ್ಗೆ ಊರೆಲ್ಲ ಚಾವಡಿಯ ಮುಂದಿನ ಕಲ್ಲಿನ ಸುತ್ತ ಕೂರುತ್ತದೆ. ಕೆಂಚವ್ವ ಒಪ್ಪು ಹೇಳುತ್ತಾಳೆ. ಆಮೇಲೆ ನಾನು ಕಲ್ಲು ಹತ್ತಿ ತಪ್ಪು ಹೇಳುತ್ತೇನೆ. ವರ್ಷಕ್ಕೆ ಒಂದೇ ತಪ್ಪು. ನಾನು ಹೇಳಿದ್ದಕ್ಕೆ ಊರು ಮೂರು ಸಲ ‘ಹೌದು’ ಎಂದರೆ, ಮರುವರ್ಷ ಕಥೆ ಬರುವಾಗ ಆ ತಪ್ಪು ಅದರಲ್ಲಿ ಇರುವುದಿಲ್ಲ.

ಕಲ್ಲಿನ ಮೇಲೆ ಸುಳ್ಳು ಹೇಳುವಂತಿಲ್ಲ ಎಂದು ಅಪ್ಪ ನನಗೆ ಕಲಿಸಿದ್ದ. ಊರಿನವರಲ್ಲಿ ಯಾರಾದರೂ ನಿಜವಾದ ತಪ್ಪೊಂದನ್ನು ಕಂಡು ತಂದುಕೊಟ್ಟರೆ ಅದನ್ನೇ ಹೇಳಬೇಕು. ಅದಕ್ಕಿಂತ ದೊಡ್ಡದು ನನಗೆ ಕಂಡಿದ್ದರೆ ಮಾತ್ರ ಅದನ್ನು ಬಿಡಬಹುದು. ತಪ್ಪೇ ಇಲ್ಲ ಎಂದು ಹೇಳಿ ಕಲ್ಲಿನಿಂದ ಇಳಿದವರು ಇದುವರೆಗೆ ಯಾರೂ ಇಲ್ಲ. ಹಾಗೆ ಹೇಳಿದರೆ ಕಥೆಯನ್ನೂ ಮಡಿಸಿ ಇಟ್ಟುಬಿಡುತ್ತಾರೆ ಎಂದು ನಮಗೆಲ್ಲ ಭಯ. ಇಡುವವರು ಯಾರು ಎಂದು ನಾವು ಕೇಳಿಕೊಂಡಿಲ್ಲ.

ಕಥೆ ಹೀಗಿದೆ. ಮೂರು ಸೂರ್ಯರಿರುವ ಒಂದು ಲೋಕ. ಅಲ್ಲಿ ನೆರಳು ಬೀಳುವುದೇ ಇಲ್ಲ. ಜನ ನೆಲ ತೋಡಿ, ಸುತ್ತ ಕಲ್ಲಿನ ಗೋಡೆ ಕಟ್ಟಿಕೊಂಡು ಬದುಕುತ್ತಾರೆ. ಹೊರಗೆ ಒಂದು ಪ್ರಾಣಿ ಗೋಡೆಯ ಸುತ್ತ ಅಳುತ್ತಾ ತಿರುಗುತ್ತದೆ. ಅದರ ಕಣ್ಣು ಹೊಟ್ಟೆಯಲ್ಲಿದೆ, ಆದ್ದರಿಂದ ನಾವು ಅದನ್ನು ಹೊಟ್ಟೆಗಣ್ಣಿ ಎನ್ನುತ್ತೇವೆ. ಜನ ಅದಕ್ಕೆ ಬೆಂಕಿ ಎಸೆಯುತ್ತಾರೆ. ಮೊದಲ ಸಂಜೆ ಆಕಾಶದಿಂದ ಹಂಡೆಯಂಥ ಒಂದು ವಾಹನ ಇಳಿಯುತ್ತದೆ. ಅದರೊಳಗಿಂದ ಬರುವವನನ್ನು ನಾವು ದೂರದಯ್ಯ ಎಂದು ಕರೆಯುತ್ತೇವೆ. ಅವನ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಅವನು ಮಾಡುವ ಕೆಲಸ ಒಂದೇ: ಗೋಡೆಗೆ ಕಿವಿಯಿಟ್ಟು ಕೇಳುತ್ತಾನೆ. ನಾಲ್ಕನೇ ಸಂಜೆ ಆ ಲೋಕದವರೆಲ್ಲ ಭರ್ಜಿ ಹಿಡಿದು ಹೊಟ್ಟೆಗಣ್ಣಿಯನ್ನು ಸುತ್ತುಗಟ್ಟಿದಾಗ, ಅವನು ಮಧ್ಯೆ ಬಂದು ನಿಂತು, “ಇವಳು ಬೇಟೆಗೆ ಬಂದವಳಲ್ಲ, ಹುಡುಕಿಕೊಂಡು ಬಂದವಳು” ಎನ್ನುತ್ತಾನೆ. ದುಂಡನೆಯ ಕಲ್ಲೆಂದು ತಿಳಿದು ಅವರು ಗೋಡೆಗೆ ಇಟ್ಟು ಕಟ್ಟಿದ್ದು ಅವಳ ಮೊಟ್ಟೆ. ಅದನ್ನು ಕೊಡಬೇಕಾದರೆ ತಮ್ಮ ಗೋಡೆಯನ್ನು ತಾವೇ ಒಡೆಯಬೇಕು. ಒಡೆಯುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ಅಲ್ಲಿ ಗುಡಿಯೊಳಗೆ ನಿಂತ ಹಾಗೆ ಆಗುತ್ತದೆ.

ಕೊನೆಗೆ ದೂರದಯ್ಯ ಹಂಡೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಆ ಲೋಕದ ಹುಡುಗಿಯೊಬ್ಬಳು, “ಹೊರಟೆಯಾ?” ಎಂದು ಕೇಳುತ್ತಾಳೆ. ಅವನು, “ಬರ್ತೀನಿ” ಎನ್ನುತ್ತಾನೆ. ಆಗ ಚಾವಡಿಯಲ್ಲಿ ಕೂತ ನಾವೆಲ್ಲ ಒಟ್ಟಿಗೆ, “ಹೋಗ್ಬಾ” ಎನ್ನುತ್ತೇವೆ. ಮೊದಲ ವರ್ಷ ಯಾರೋ ಬಾಯಿತಪ್ಪಿ ಅಂದದ್ದು, ಈಗ ಅದು ನಮ್ಮ ಮಂಗಳಾರತಿ. ಹಂಡೆ ಮೇಲೇರುತ್ತದೆ, ಟೀವಿ ಆರುತ್ತದೆ, ನಾವು ಕಂಬಳಿ ಕೊಡವಿಕೊಂಡು ಮನೆಗೆ ಹೋಗುತ್ತೇವೆ.

ಇಂಥ ಕಥೆಯಲ್ಲಿ ಮೊದಲು ತಪ್ಪುಗಳು ಬೇಕಾದಷ್ಟಿದ್ದವು. ಬಾಗಿಲು ಹಾಕಿದರೆ ಕಲ್ಲಿನ ಗೋಡೆ ಪರದೆಯ ಹಾಗೆ ಅಲ್ಲಾಡುತ್ತಿತ್ತು. ಅಪ್ಪ ಹೇಳಿದ, ಮರುವರ್ಷ ಗೋಡೆ ಗಟ್ಟಿಯಾಯಿತು. ಊರು ಕುಣಿದಾಡಿತು. ಹೊಟ್ಟೆಗಣ್ಣಿಯ ಕೆಳಗೆ ಎರಡು ಚಪ್ಪಲಿ ಕಾಣುತ್ತಿದ್ದವು. ಒಳಗೆ ಹೊಕ್ಕು ಆಡಿಸುತ್ತಿದ್ದ ಮನುಷ್ಯನವು. ಅಪ್ಪ ಅದನ್ನೂ ಹೇಳಿದ, ಚಪ್ಪಲಿ ಹೋದವು. ಆಗ ಕೆಂಚವ್ವ ಇನ್ನೂ ಹೊಸದಾಗಿ ಮದುವೆಯಾಗಿ ಬಂದವಳು. “ಅಯ್ಯೋ, ಮೂರು ಸೂರ್ಯನ ಬಿಸಿಲಾಗೆ ಬರಿಗಾಲಲ್ಲಿ ನಡೀತೈತಲ್ಲೋ ಪಾಪ” ಎಂದು ಗೋಳಾಡಿದಳು. ಅಲ್ಲಿಯವರೆಗೆ ಆ ಚಪ್ಪಲಿ ನೋಡಿ ನಗುತ್ತಿದ್ದ ಮಕ್ಕಳು ಅವತ್ತು ಮೊದಲ ಬಾರಿಗೆ ಹೆದರಿ ತಾಯಂದಿರ ಸೆರಗು ಹೊದ್ದುಕೊಂಡರು.

ಹಂಡೆಗೆ ಒಂದು ದಾರ ಕಾಣುತ್ತಿತ್ತು. ಅದು ಇಳಿಯುವಾಗ ದಾರದಲ್ಲಿ ತೂಗಿಕೊಂಡು, ಒಂದಿಷ್ಟು ತಿರುಗುತ್ತಾ, ಬಾವಿಗೆ ಬಿಟ್ಟ ಕೊಡದ ಹಾಗೆ ಬರುತ್ತಿತ್ತು. ಅಪ್ಪ ಅದನ್ನೂ ಹೇಳಿದ. ದಾರವಿಲ್ಲದ ಹಂಡೆ ನಯವಾಗಿ ಇಳಿದ ವರ್ಷ ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ಅಕ್ಕ ಹಾಲಕ್ಕ ಮಾತ್ರ, “ಮೇಲೆ ಹಿಡ್ಕಂಡೋರು ಯಾರೂ ಕಾಣ್ತಿಲ್ವಲ್ಲಪ್ಪ, ಬಿದ್ದುಗಿದ್ದಾನು” ಎಂದಳು. ಅವತ್ತು ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ನಕ್ಕಿದ್ದೆ.

ಇದೆಲ್ಲ ಅಪ್ಪನ ಕಾಲದ್ದು. ನನ್ನ ಕೈಯಿಂದ ಆದದ್ದು ಇನ್ನೂ ದೊಡ್ಡದು. ಮೂರನೇ ಸಂಜೆ ಬರೀ ಓಟವಿರುತ್ತಿತ್ತು. ದೂರದಯ್ಯ ಮತ್ತು ಹುಡುಗಿ ಒಂದು ಓಣಿಯಲ್ಲಿ ಓಡುತ್ತಾರೆ, ಸಿಕ್ಕಿಬೀಳುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಅದೇ ಓಣಿಯಲ್ಲಿ ಓಡುತ್ತಾರೆ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಏನೂ ತಪ್ಪಿಹೋಗುವುದಿಲ್ಲವೆಂದು ಗೊತ್ತಿದ್ದರಿಂದ ಆ ಸಂಜೆ ನಮ್ಮವರು ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದು ತಿನ್ನುತ್ತಾ, ಮದುವೆಗೆ ಹೆಣ್ಣುಗಂಡಿನ ಮಾತು ಆಡುತ್ತಾ, ಮುನಿಸಿಕೊಂಡವರನ್ನು ಪಕ್ಕದಲ್ಲಿ ಕೂರಿಸಿ ಮಾತಾಡಿಸುತ್ತಾ ಇರುತ್ತಿದ್ದರು. ಏಳು ವರ್ಷದ ಹಿಂದೆ ನಾನು ಕಲ್ಲು ಹತ್ತಿ, ‘ಓಟ ಅತಿಯಾಯಿತು’ ಎಂದೆ. ನಿಜವೇ ಆಗಿತ್ತು. ಊರು ಮೂರು ಸಲ ಹೌದೆಂದಿತು. ಮರುವರ್ಷ ಬುಧವಾರ ಸಂಜೆ ಟೀವಿ ಬೆಳಗಲೇ ಇಲ್ಲ. ನಾವು ಬೋಂಡದ ಗಂಟು ಹಿಡಿದು ಕಾದು ಕೂತೆವು. ಗುರುವಾರ ನೇರವಾಗಿ ಕೊನೆಯ ಭಾಗ ಬಂತು. ಕಥೆಗೆ ಏನೂ ಊನವಾಗಿರಲಿಲ್ಲ. ಮೂರನೇ ಸಂಜೆ ಮಾತ್ರ ಹೋಗಿತ್ತು. ಈಗಲೂ ನಾವು ಬುಧವಾರ ಆರಿದ ಟೀವಿಯ ಮುಂದೆ ಮಂಡಕ್ಕಿ ತಿನ್ನುತ್ತಾ ಕೂರುತ್ತೇವೆ. ಆದರೆ ಓಡುವವರು ಇಲ್ಲದೆ ನಮ್ಮ ಮಾತೂ ಬೇಗ ಮುಗಿದುಹೋಗುತ್ತದೆ.

ಹೋದ ವರ್ಷ ಅಂಥದೇ ಒಂದು ಬುಧವಾರ ಸಂಜೆ ಜಡೆಯಪ್ಪ ಮೇಷ್ಟ್ರು ನನ್ನ ಪಕ್ಕ ಬಂದು ಕೂತರು. ಅವರು ಮೂವತ್ತೆರಡು ವರ್ಷ ನಮ್ಮ ಶಾಲೆಯಲ್ಲಿ ವ್ಯಾಕರಣ ಕಲಿಸಿದವರು. ಕಥೆಯ ಗುಣ ಎಡಗಡೆ, ದೋಷ ಬಲಗಡೆ ಬರೆದಿಟ್ಟ ನೋಟ್‌ಬುಕ್ ಅವರ ಕಂಕುಳಲ್ಲಿ ಯಾವಾಗಲೂ ಇರುತ್ತದೆ. ಬಲಗಡೆ ಬರೆದದ್ದೆಲ್ಲ ಒಂದೊಂದಾಗಿ ಅಡ್ಡಗೆರೆ ಕಂಡಿತ್ತು.

“ಮಾಳಿಂಗಪ್ಪ, ಇನ್ನೊಂದೇ ಒಂದು ಉಳಿದೈತೆ ಕಣಯ್ಯ. ಅದು ಹೋಯ್ತು ಅಂದ್ರೆ ಕಥೆ ಬಂಗಾರ” ಎಂದರು.

“ಏನು ಮೇಷ್ಟ್ರೇ ಅದು?”

“ಕೊನೆ ಮಾತು. ಆ ಹುಡುಗಿ ‘ಹೊರಟೆಯಾ’ ಅಂತಾಳೆ. ಇವನು ‘ಬರ್ತೀನಿ’ ಅಂತಾನೆ. ಹೊರಟೋನು ಬರ್ತೀನಿ ಅಂತ ಯಾಕಂತಾನೆ?”

“ಹೊರಟೋರು ಮತ್ತೇನಂತಾರೆ? ನೀವು ನಮ್ಮನೆಯಿಂದ ಏಳುವಾಗ ಏನಂತೀರಿ?”

“ನಾನು ನಾಳೆ ಮತ್ತೆ ಬಂದು ನಿನ್ನ ತಲೆ ತಿಂತೀನಿ, ಅದಕ್ಕೆ ಬರ್ತೀನಿ ಅಂತೀನಿ. ಇವನು ಮೊದಲನೇ ಸಂಜೆ ತನ್ನ ಬಾಯಲ್ಲೇ ಏನಂದಾನೆ? ‘ನನ್ನ ವಾಹನ ಒಂದು ನಕ್ಷತ್ರಕ್ಕೆ ಒಂದೇ ಸಲ ಹೋಗಬಲ್ಲದು.’ ಅಂದ ಮೇಲೆ ಅಲ್ಲಿಗೆ ಇವನು ತಿರುಗಿ ಬರೋದು ಹೆಂಗೆ? ಇದು ಕಥೆಯೊಳಗಿನ ಸುಳ್ಳು. ಸಾಲದ್ದಕ್ಕೆ ಎಲ್ಲಾ ಸಂಜೆ ಪುಸ್ತಕದ ಭಾಷೆ ಆಡಿದೋನು, ಕೊನೆಗೆ ನಮ್ಮ ಹಟ್ಟಿ ಮಾತು ಆಡ್ತಾನೆ. ‘ಹೋಗುತ್ತೇನೆ’ ಅನ್ನಬೇಕು. ಅದು ಸರಿಯಾದ ಪದ.”

ಕೆಂಚವ್ವ ಅತ್ತ ಕಡೆಯಿಂದ, “ಥೂ, ಬಿಡ್ತು ಅನ್ನಿ ಮೇಷ್ಟ್ರೇ. ಬಾಗಿಲಾಗೆ ನಿಂತ್ಕಂಡು ಯಾರನ್ನಾ ಹೋಗ್ತೀನಿ ಅಂತಾರಾ?” ಎಂದಳು.

“ಬಿಡ್ತು. ಆದ್ರೂ ಕೆಂಚವ್ವ, ತಪ್ಪು ತಪ್ಪೇ ಅಲ್ವಾ?”

ಒಂದು ನಕ್ಷತ್ರಕ್ಕೆ ಒಂದೇ ಸಲ ಎಂದು ಅವನು ಅನ್ನುವುದನ್ನು ನಾನೂ ನಲವತ್ತು ವರ್ಷ ಕೇಳಿದ್ದೆ. ಮೇಷ್ಟ್ರ ಕಣ್ಣಲ್ಲಿ ಕೇಡಿರಲಿಲ್ಲ. ಮಗಳ ಜಡೆಗೆ ಕೊನೆಯ ಹೂ ಸಿಕ್ಕಿಸುವ ತಾಯಿಯ ಸಡಗರವಿತ್ತು. ಅವರು ತಂದದ್ದು ನಿಜವಾದ ತಪ್ಪು. ಶುಕ್ರವಾರ ನಾನು ಅದನ್ನು ಹೇಳಲೇಬೇಕಾಗಿತ್ತು.

ಹಾಲಕ್ಕ ನಮ್ಮ ಹಿಂದೆಯೇ ಕಂಬಕ್ಕೆ ಒರಗಿ ಕೂತಿದ್ದಳು. ಅವಳಿಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ, ಕಥೆಯನ್ನು ಕಿವಿಯಲ್ಲೇ ನೋಡುತ್ತಾಳೆ. ಅವಳನ್ನು ಕೈಹಿಡಿದು ಮನೆಗೆ ಕರೆತಂದೆ. ಜಗುಲಿಯ ಮೇಲೆ ಕೂರಿಸಿ ನೀರು ಕೊಟ್ಟೆ. ಚೊಂಬನ್ನು ಕೈಯಲ್ಲೇ ಹಿಡಿದುಕೊಂಡು, “ಹೇಳ್ತೀಯೇನ್ಲಾ ಅದನ್ನ?” ಎಂದು ಕೇಳಿದಳು.

“ಮೇಷ್ಟ್ರು ಹೇಳಿದ್ದು ನಿಜ ಐತಲ್ಲಕ್ಕ.”

“ನಿಜ ಐತೆ. ಅದಕ್ಕೇ ಕೇಳ್ದೆ.” ಚೊಂಬನ್ನು ಕೆಳಗಿಟ್ಟು, “ನಿಮ್ಮ ಭಾವ ಹೋದ ದಿನ ಏನಾಯ್ತು ಅಂತ ನಿನಗೆ ಹೇಳಿಲ್ಲ ನಾನು” ಎಂದಳು.

ಭಾವ ಬೊಮ್ಮಲಿಂಗ ಕುರಿ ಹೊಡೆದುಕೊಂಡು ಹೊಳೆಯಾಚೆಯ ಬಯಲಿಗೆ ಹೋದವನು, ಹನ್ನೆರಡನೇ ದಿನ ಸಿಡಿಲು ಬಡಿದು ಅಲ್ಲೇ ತೀರಿಕೊಂಡ. ನಾನು ಆಗ ಇಪ್ಪತ್ತರವನು. ನನಗೆ ಗೊತ್ತಿದ್ದದ್ದು ಅಷ್ಟೇ.

“ಜಗಳ ಆಗಿತ್ತು ನಮಗೆ. ಏನೂ ಇಲ್ಲ, ಒಂದು ಕಂಬಳಿ. ನಾನು ಅವನಿಗೆ ಅಂತ ನೇಯ್ದಿದ್ದು, ಯಾರೋ ದಾರಿಹೋಕನಿಗೆ ಚಳಿ ಅಂತ ಹೊದಿಸಿ ಕಳಿಸಿದ್ದ. ನಾನು ಮಗ್ಗದಾಗೆ ಕೂತು ಮುಖ ಎತ್ತಲಿಲ್ಲ. ಬಾಗಿಲಾಗೆ ನಿಂತು ‘ಬರ್ತೀನಿ ಕಣೇ’ ಅಂದ. ನಾನು ಹೊಕ್ಕಿನ ಎಳೆ ಬಡಿದೆ. ಇನ್ನೊಂದು ಸಲ ‘ಬರ್ತೀನಿ’ ಅಂದ. ಇನ್ನೂ ಜೋರಾಗಿ ಬಡಿದೆ. ಅಷ್ಟೇ ಕಣ್ಲಾ. ಅವನ ಮಾತು ಅವನು ಆಡಿದ. ನನ್ನ ಮಾತು ನನ್ನ ಗಂಟಲಾಗೇ ಉಳೀತು.”

ಅಷ್ಟು ವರ್ಷ ಅವಳ ಪಕ್ಕ ಕೂತು ಕಥೆ ನೋಡಿದ್ದೇನೆ. ಊರೆಲ್ಲ ‘ಹೋಗ್ಬಾ’ ಎನ್ನುವಾಗ ಅವಳ ತುಟಿ ಅಲುಗುವುದನ್ನು ಕಂಡಿದ್ದೇನೆ. ಅದರಿಂದ ದನಿ ಬರುವುದಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

“ಪ್ರತಿ ವರ್ಷ ಅಂದ್ಕೋತೀನಿ. ಈ ಸಲ ಅಂದುಬಿಡಾನ, ಯಾರಿಗಾದ್ರೇನು, ಬರ್ತೀನಿ ಅಂದೋರಿಗೆ ಹೋಗ್ಬಾ ಅನ್ನಾನ ಅಂತ. ಬಾಯಿ ಬರಾಕಿಲ್ಲ. ನಾಳೆನೂ ನೋಡ್ತೀನಿ. ಆಗದಿದ್ರೆ ಇನ್ನೊಂದು ವರ್ಷ ಬೇಕಲ್ಲ ನನಗೆ? ಅವನು ಹೋಗ್ತೀನಿ ಅಂದುಬಿಟ್ರೆ, ಆ ಮಾತಿಗೆ ತಿರುಗಿ ಏನನ್ನಲಿ ಮಾಳಿಂಗ?”

ಆ ಮಾತಿಗೆ ತಿರುಗಿ ಅನ್ನುವಂಥದ್ದು ನಮ್ಮ ಭಾಷೆಯಲ್ಲೇ ಇಲ್ಲ.

ಮರುದಿನ ಗುರುವಾರ ಸಂಜೆ ಕಥೆ ಮುಗಿಯುತ್ತಾ ಬಂತು. ಗೋಡೆ ಒಡೆಯಿತು, ಮೊಟ್ಟೆ ಹೊರಬಂತು, ಹೊಟ್ಟೆಗಣ್ಣಿ ಅದನ್ನು ಎತ್ತಿಕೊಂಡಳು. ನಾನು ಟೀವಿ ನೋಡದೆ ಅಕ್ಕನ ಮುಖ ನೋಡಿದೆ. “ಹೊರಟೆಯಾ?” “ಬರ್ತೀನಿ.” ಊರು “ಹೋಗ್ಬಾ” ಎಂದಿತು. ಅಕ್ಕನ ಕುತ್ತಿಗೆಯ ನರ ಉಬ್ಬಿತು, ತುಟಿ ತೆರೆಯಿತು, ಮುಚ್ಚಿತು. ಹಂಡೆ ಮೇಲೇರಿತು. ಅವಳು ನನ್ನ ಕೈ ಹುಡುಕಿ ಹಿಡಿದು, “ನಡಿ” ಎಂದಳು.

ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ಮಿಂದು, ಗುಡಿಯ ಮೆಟ್ಟಿಲ ಮೇಲೆ ಕೂತೆ. ಸುಳ್ಳು ಹೇಳಲಾರೆ. ತಪ್ಪಿಲ್ಲ ಎನ್ನಲಾರೆ. ನಿಜ ಹೇಳಿದರೆ ಅಕ್ಕನ ಗಂಟಲಿನ ಮಾತು ಅಲ್ಲೇ ಉಳಿಯುತ್ತದೆ. ದೇವರೇ, ಇದಕ್ಕಿಂತ ದೊಡ್ಡ ತಪ್ಪೊಂದನ್ನು ನನಗೆ ತೋರಿಸು ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಸರಿಯೋ ಅಲ್ಲವೋ ಗೊತ್ತಿಲ್ಲ. ತಪ್ಪು ಬೇಕೆಂದು ಗುಡಿಗೆ ಬಂದವನು ನಾನೊಬ್ಬನೇ ಇರಬೇಕು. ಎದ್ದು ಅಕ್ಕನನ್ನು ಕರೆದೊಯ್ಯಲು ಮನೆಗೆ ಬಂದೆ. ಅವಳು ಜಗುಲಿಯ ಅಂಚಿನಲ್ಲಿ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಕಣ್ಣಿಲ್ಲದಿದ್ದರೂ ನೂಲುವುದನ್ನು ಬಿಟ್ಟಿಲ್ಲ. ಎತ್ತಿದ ಕೈಯಿಂದ ಎಳೆ ಇಳಿಯುತ್ತಿತ್ತು. ಎಳೆಯ ತುದಿಯಲ್ಲಿ ತಕಲಿ ತೂಗುತ್ತಾ, ಒಂದಿಷ್ಟು ತಿರುಗುತ್ತಾ, ನಿಧಾನವಾಗಿ ಕೆಳಗೆ ಬರುತ್ತಿತ್ತು. ಎಳೆ ನಡುವೆ ಕಡಿಯಿತು. ತಕಲಿ ಟಣ್ಣೆಂದು ಕೆಳಗೆ ಬಿತ್ತು. “ತಪ್ತು ನೋಡು” ಎಂದುಕೊಂಡು ಅಕ್ಕ ತಡಕಾಡಿ ಎರಡು ತುದಿಗಳನ್ನೂ ಹುಡುಕಿ, ಎಂಜಲು ಹಚ್ಚಿ, ಹೊಸೆದು ಕೂಡಿಸಿದಳು. ಮೂವತ್ತೈದು ವರ್ಷದ ಹಿಂದೆ ಅವಳ ಮಾತಿಗೆ ನಾನು ನಕ್ಕಿದ್ದು ನೆನಪಾಯಿತು.

ಚಾವಡಿಯ ಮುಂದೆ ಊರು ಸೇರಿತ್ತು. ಕೆಂಚವ್ವ ಒಪ್ಪು ಹೇಳಿದಳು. ಕೈಯಲ್ಲಿ ಆಯುಧವಿಲ್ಲದ ನಾಯಕ ಒಪ್ಪು, ಗೋಡೆಗೆ ಕಿವಿಯಿಡುವುದು ಒಪ್ಪು, ರಾಕ್ಷಸಿ ಎಂದುಕೊಂಡವಳು ತಾಯಿಯಾದದ್ದು ಒಪ್ಪು ಎಂದು ಹೇಳಿ, ಪ್ರತಿ ವರ್ಷದ ಹಾಗೆ ತಾಯಿಯ ಮಾತಿಗೆ ಬರುವಾಗ ಅತ್ತು ಮೂಗು ಒರೆಸಿಕೊಂಡಳು. ನಾನು ಕಲ್ಲು ಹತ್ತಿದೆ. ಮೇಷ್ಟ್ರು ನೋಟ್‌ಬುಕ್ ತೆರೆದು ಪೆನ್ನು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದರು.

“ಮೇಷ್ಟ್ರು ಒಂದು ತಪ್ಪು ತಂದುಕೊಟ್ಟಿದಾರೆ. ಅದು ನಿಜ. ಆದರೆ ಅದಕ್ಕಿಂತ ದೊಡ್ಡದೊಂದು ನನಗೆ ಕಂಡೈತೆ” ಎಂದೆ. ಮೇಷ್ಟ್ರು ತಲೆಯೆತ್ತಿದರು. “ಹಂಡೆಗೆ ದಾರ ಇಲ್ಲ.”

ಯಾರೋ ಕಿಸಕ್ಕೆಂದು ನಕ್ಕರು. ಮೇಷ್ಟ್ರು ಎದ್ದೇ ನಿಂತರು. “ಏನಯ್ಯ ಇದು? ದಾರ ಕಾಣ್ತೈತೆ ಅನ್ನೋದೇ ತಪ್ಪು ಅಂತ ನಿಮ್ಮಪ್ಪ ಇದೇ ಕಲ್ಲಿನ ಮೇಲೆ ಹೇಳಿ ತೆಗೆಸಿದ್ದು. ನನ್ನ ನೋಟ್‌ಬುಕ್‌ನಾಗೆ ತಾರೀಕು ಸಮೇತ ಐತೆ.”

“ನಮ್ಮಪ್ಪ ಹೇಳಿದ ತಪ್ಪೇ ತಪ್ಪಾಗಿತ್ತು ಮೇಷ್ಟ್ರೇ.”

ಈ ಸಲ ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. “ವ್ಯಾಕರಣ ಬಿಟ್ಟು ಮಾತಾಡಬೇಡ. ಇರೋದು ತಪ್ಪಾಗ್ತದೆ. ಇಲ್ಲದ್ದು ಹೆಂಗೆ ತಪ್ಪಾಗ್ತದೆ?”

“ನೀವು ಮೇಷ್ಟ್ರು, ಮಗ್ಗದಾಗೆ ಕೂತೋರಲ್ಲ. ಇಲ್ಲಿ ಕೂತೋರನ್ನ ಕೇಳಿ. ಕಂಬಳಿಯಾಗೆ ತಪ್ಪು ಅಂದ್ರೆ ಏನು? ಇರೋ ಎಳೆನಾ, ಇಲ್ಲದ ಎಳೆನಾ?”

“ಇಲ್ಲದ ಎಳೆ” ಎಂದರು ಹಿಂದಿನಿಂದ ನಾಲ್ಕಾರು ಜನ.

“ಹಂಡೆಗೂ ಅಷ್ಟೇ. ಎಳೆ ತಪ್ಪೈತೆ. ಅಷ್ಟು ಭಾರದ್ದು ಆಕಾಶದಾಗಿಂದ ಇಳೀತೈತೆ, ಮತ್ತೆ ಏರ್ತೈತೆ, ಮೇಲೆ ಹಿಡ್ಕಂಡೋರು ಯಾರೂ ಕಾಣಾಕಿಲ್ಲ. ಹಿಡಿಯೋರಿಲ್ದೆ ಯಾರನ್ನಾ ಬರಾದು ಹೋಗಾದು ಮಾಡ್ತಾರಾ? ದಾರ ಇದ್ದಾಗ ನಾವು ನಗ್ತಿದ್ವಿ, ಆದ್ರೆ ಬೀಳ್ತಾನೆ ಅಂತ ಹೆದರ್ತಿರ್ಲಿಲ್ಲ. ಮೇಷ್ಟ್ರೇ, ಒಂದು ನಕ್ಷತ್ರಕ್ಕೆ ಒಂದೇ ಸಲ ಅಂತ ಅವನು ಅಂದ್ಕಂಡಿರಬೌದು. ಹಿಡ್ಕಂಡೋರು ಇನ್ನೊಂದು ಸಲ ಇಳಿಸಿದ್ರೆ ಬರ್ದೆ ಏನ್ ಮಾಡ್ತಾನೆ? ದಾರ ಇಲ್ದಿದ್ದಕ್ಕೇ ಅವನ ಕೊನೆ ಮಾತು ನಿಮಗೆ ಸುಳ್ಳು ಅನಿಸೈತೆ. ನೀವು ಕಂಡಿದ್ದು ಆ ತೂತಿನಾಗೆ ಬಂದ ಬೆಳಕು. ತೂತು ಇಲ್ಲೈತೆ.”

ನನ್ನ ಬಾಯಲ್ಲಿ ಅಷ್ಟು ಮಾತು ಎಲ್ಲಿತ್ತೋ ತಿಳಿಯದು. ಮೇಷ್ಟ್ರು ಬಲಗಡೆಯ ಹಾಳೆಯಲ್ಲಿ ಏನೋ ಬರೆದು ಕೂತರು. ಮೊದಲ ‘ಹೌದು’ ಅಂದವರು ಅವರೇ. ಎರಡನೆಯದೂ ಮೂರನೆಯದೂ ಊರಿನದು. ಹಾಲಕ್ಕ ಕಂಬದ ಹತ್ತಿರ ತಲೆ ತಗ್ಗಿಸಿ ಕೂತಿದ್ದಳು. ಅವಳ ಸೆರಗಿನ ಗಂಟಿನಲ್ಲಿ ತಕಲಿಯ ತುದಿ ಕಾಣುತ್ತಿತ್ತು.

ಆಮೇಲಿನದು ಉದ್ದವಾದ ವರ್ಷ. ತೆಗೆಸಿದ್ದನ್ನು ವಾಪಸು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಾಗೆ ಕೇಳಿದರೆ ಕೊಡುತ್ತಾರೋ, ಇವರಿಗೆ ಏನು ಬೇಕೆಂದು ಇವರಿಗೇ ಗೊತ್ತಿಲ್ಲವೆಂದು ಕಥೆಯನ್ನೇ ನಿಲ್ಲಿಸಿಬಿಡುತ್ತಾರೋ? ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಹತ್ತಿ ಒಂದು ತಿಂಗಳು ಹಾಸಿಗೆ ಹಿಡಿದಳು. ಕೆಂಚವ್ವ ದಿನಾ ಬಂದು ಕಷಾಯ ಕುಡಿಸಿ, “ಕಥೆ ಬರಾಗಂಟ ನೀನು ಎಲ್ಲಿಗೂ ಹೋಗಂಗಿಲ್ಲ ಹಾಲಕ್ಕ, ಹೇಳೀನಿ” ಎಂದು ಗದರುತ್ತಿದ್ದಳು. “ಬರ್ತೀನಿ ಅಂದ್ಬಿಟ್ಟು ಹೋಗ್ತೀನಿ ಬಿಡು” ಎಂದು ಅಕ್ಕ ಕೆಮ್ಮುತ್ತಲೇ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಈ ವರ್ಷ ಉಣ್ಣೆ ಕತ್ತರಿಸಿ ಮುಗಿಯಿತು. ಸೋಮವಾರ ಮಧ್ಯಾಹ್ನ ಬೆಕ್ಕು ಟೀವಿಯಿಂದ ಇಳಿದು ಹೋಯಿತು ಎಂದು ಕೆಂಚವ್ವ ಓಡಿಬಂದು ಹೇಳಿದಾಗ ನನ್ನ ಅರ್ಧ ಜೀವ ಬಂತು. ಸಂಜೆ ಟೀವಿ ಬೆಳಗಿತು. ಮೂರು ಸೂರ್ಯರು ಕಂಡರು. ಬಿಳಿಯ ಆಕಾಶದಲ್ಲಿ ಒಂದು ಚುಕ್ಕೆ ಕಂಡಿತು, ಹಂಡೆಯಾಯಿತು. ಅದು ತೂಗುತ್ತಿತ್ತು. ಒಂದಿಷ್ಟು ತಿರುಗುತ್ತಾ, ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತಿತ್ತು. ಚಾವಡಿಯೆಲ್ಲ ಒಂದೇ ಸಲ ಕೂಗಿದ ಕೂಗಿಗೆ ಮಾಡಿನ ಪಾರಿವಾಳಗಳು ಹಾರಿದವು.

“ಐತೇನ್ಲಾ?” ಎಂದು ಅಕ್ಕ ನನ್ನ ತೋಳು ಹಿಡಿದಳು.

“ಐತಕ್ಕ. ನಡುವೆ ಒಂದು ಗಂಟೂ ಕಾಣ್ತೈತೆ.”

ಮೊದಲಿನ ದಾರಕ್ಕೆ ಗಂಟಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಮೇಷ್ಟ್ರ ನೋಟ್‌ಬುಕ್‌ನಲ್ಲೂ ಇಲ್ಲ. ಕ್ಷಣ ಹೊತ್ತು ಬೆಳಕಿಗೆ ಹೊಳೆದ ಅದು, ಕಡಿದ ಎಳೆಯನ್ನು ಯಾರೋ ಹೊಸೆದು ಕೂಡಿಸಿದ ಗಂಟಿನ ಹಾಗೆಯೇ ಇತ್ತು.

ಬುಧವಾರ ಆರಿದ ಟೀವಿಯ ಮುಂದೆ ಮಂಡಕ್ಕಿ ತಿನ್ನುವಾಗ ಮೇಷ್ಟ್ರು ನನ್ನ ಪಕ್ಕ ಸರಿದು ನೋಟ್‌ಬುಕ್ ತೆರೆದರು. ಬಲಗಡೆ ಹೊಸದಾಗಿ ಬರೆದಿದ್ದರು: ಮೂರನೇ ಸಂಜೆ ಓಟವಿಲ್ಲ. ಹೊಟ್ಟೆಗಣ್ಣಿಗೆ ಚಪ್ಪಲಿಯಿಲ್ಲ. ಗೋಡೆ ಅಲ್ಲಾಡುವುದಿಲ್ಲ.

“ನಾಡಿದ್ದು ಓಟ ಹೇಳು. ಚಪ್ಪಲಿ ಆಚೆ ವರ್ಷಕ್ಕೆ ಇರಲಿ” ಎಂದರು.

“ಅವು ತಪ್ಪುಗಳು ಅಲ್ವೇನ್ರೀ ಮೇಷ್ಟ್ರೇ?”

“ತಪ್ಪೇ. ಅದಕ್ಕೇ ಬಲಗಡೆ ಬರ್ದೀನಿ” ಎಂದು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

ಗುರುವಾರ ಸಂಜೆ ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಗೋಡೆ ಒಡೆದರು. ಮೊಟ್ಟೆ ತಾಯಿಯ ಕೈಸೇರಿತು. ದೂರದಯ್ಯ ಹಂಡೆಯ ಬಾಗಿಲಿಗೆ ಬಂದ. “ಹೊರಟೆಯಾ?” ಎಂದಳು ಹುಡುಗಿ. ಅವನು “ಬರ್ತೀನಿ” ಎಂದ. ಊರೆಲ್ಲ ಒಂದೇ ದನಿಯಲ್ಲಿ “ಹೋಗ್ಬಾ” ಎಂದಿತು. ಮೇಷ್ಟ್ರ ದನಿ ಎಲ್ಲರಿಗಿಂತ ಜೋರಾಗಿತ್ತು. ಅಕ್ಕನ ತುಟಿ ತೆರೆಯಿತು. ದನಿ ಬರಲಿಲ್ಲ. ಹಂಡೆಯ ಬಾಗಿಲು ಮುಚ್ಚಿತು, ಹಂಡೆ ನೆಲ ಬಿಟ್ಟಿತು. ಒಂದಾಳು ಎತ್ತರ ಏರಿತು. ಜನ ಕಂಬಳಿ ಕೊಡವತೊಡಗಿದರು.

ಆಗ ಅಕ್ಕ, ಗದರುವ ದನಿಯಲ್ಲಿ, ಮಗ್ಗದ ಮುಂದೆ ಕೂತು ಹೊಸಿಲ ಕಡೆ ಮುಖ ತಿರುಗಿಸಿದವಳಂತೆ, “ಹೋಗ್ಬಾ” ಎಂದಳು. “ಮೋಡ ಐತೆ, ಬಯಲಾಗೆ ನಿಂತ್ಕಬ್ಯಾಡ. ಹೋಗ್ಬಾ.”

ಕಂಬಳಿ ಕೊಡವುತ್ತಿದ್ದ ಕೈಗಳು ನಿಂತವು. ಟೀವಿಯಲ್ಲಿ ಏರುತ್ತಿದ್ದ ಹಂಡೆ ಒಂದು ಗಳಿಗೆ ಏರದೆ, ದಾರದಲ್ಲಿ ಸಣ್ಣಗೆ ತಿರುಗುತ್ತಾ ಅಲ್ಲೇ ತೂಗಿತು. ಹಿಡಿದವರು ಮಾತು ಮುಗಿಯಲೆಂದು ಕಾಯುತ್ತಿರುವ ಹಾಗಿತ್ತು. ಆಮೇಲೆ ಮೇಲಕ್ಕೆ ಹೋಯಿತು.